ಬೆಳಕಿನ ಅಲೆಯ ‘ಫೇಸ್’ಗೆ ಯಾವ ಪದ?

ಗೆಳೆಯರೇ,

ಬೆಳಕು ಸೀಳುಗಂಡಿ ದಾಟಿದ ಮೇಲೆ ಹೇಗೆ ಹರಡುತ್ತದೆ ಅನ್ನುವುದನ್ನು ಆಕ್ಟೇವ್, ನಮ್‌ಪೈ ಎಂಬ ಗಣಿತದ ಸಾಫ್ಟ್‌ವೇರ್‌ಗಳಲ್ಲಿ ಲೆಕ್ಕ ಹಾಕಿ ತೋರಿಸುವ ಪಾಠವೊಂದನ್ನು ಬರೆಯುತ್ತಿದ್ದೇನೆ. ವಿವರ್ತನೆ, ವ್ಯತಿಕರಣ, ತರಂಗಾಂತರ ಎಲ್ಲ ಪಠ್ಯಪುಸ್ತಕದಲ್ಲೇ ಸಿಗುತ್ತವೆ. ಸಿಕ್ಕಿಕೊಂಡಿರುವುದು ‘ಫೇಸ್’ (phase) ಹತ್ತಿರ, ಅಂದರೆ ಅಲೆ ತನ್ನ ಏರಿಳಿತದ ಸುತ್ತಿನಲ್ಲಿ ಯಾವ ಜಾಗದಲ್ಲಿದೆ ಅನ್ನುವುದನ್ನು ಹೇಳುವ ಪದದ ಹತ್ತಿರ.

‘ಹಂತ’ ಅಂತ ಬರೆಯುವವರಿದ್ದಾರೆ. ಆದರೆ ಈ ಲೆಕ್ಕವೇ ಹಂತ ಹಂತವಾಗಿ ನಡೆಯುವಂಥದ್ದು. ಗಂಡಿಯಲ್ಲಿರುವ ಅಲೆಯನ್ನು ಫೂರಿಯೇ ರೂಪಾಂತರದಿಂದ ಬೇರೆ ಬೇರೆ ದಿಕ್ಕಿಗೆ ಹೋಗುವ ಸರಳ ಅಲೆಗಳಾಗಿ ಬಿಡಿಸಬೇಕು. ದೂರಕ್ಕೆ ತಕ್ಕಂತೆ ಒಂದೊಂದರ ಫೇಸ್ ಬದಲಿಸಬೇಕು. ಆಮೇಲೆ ಮತ್ತೆ ಕೂಡಿಸಬೇಕು. ಬರೆಯಹೋದರೆ ‘ಎರಡನೇ ಹಂತದಲ್ಲಿ ಅಲೆಯ ಹಂತ ಬದಲಿಸಿ’ ಎಂದಾಗುತ್ತದೆ. ಓದುವವರು ತಡವರಿಸುತ್ತಾರೆ, ಅಲ್ವಾ?

ಇಲ್ಲಿ ತಡವರಿಸಿದರೆ ವಿಷಯವೇ ಕೈತಪ್ಪುತ್ತದೆ. 633 ನ್ಯಾನೊಮೀಟರ್‌ನ ಕೆಂಪು ಲೇಸರ್, 0.1 ಮಿ.ಮೀ. ಅಗಲದ ಸೀಳುಗಂಡಿ, 2 ಮೀಟರ್ ಆಚೆ ಪರದೆ ಅಂದುಕೊಳ್ಳಿ. ನಡುವಿನ ಹೊಳಪಿನಿಂದ ಸುಮಾರು 12.7 ಮಿ.ಮೀ. ಪಕ್ಕಕ್ಕೆ ಮೊದಲ ಕಪ್ಪು ಗೆರೆ ಬೀಳುತ್ತದೆ. ಆ ಜಾಗಕ್ಕೂ ಬೆಳಕು ಬರುತ್ತದೆ. ಗಂಡಿಯ ಒಂದು ಅರ್ಧದ ಪ್ರತಿ ಬಿಂದುವಿಗೂ ಇನ್ನೊಂದು ಅರ್ಧದಲ್ಲಿ ಜೋಡಿಯೊಂದಿದೆ. ಎರಡರಿಂದ ಬಂದ ಅಲೆಗಳ ಫೇಸ್‌ನಲ್ಲಿ 180 ಡಿಗ್ರಿ ವ್ಯತ್ಯಾಸ. ಹಾಗಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಪ್ರೋಗ್ರಾಮಿನಲ್ಲಿ ಫೇಸ್ ಬಿಟ್ಟು ಸುಮ್ನೆ ಹೊಳಪನ್ನಷ್ಟೇ ಕೂಡಿಸಿ ನೋಡಿ, ಕಪ್ಪು ಗೆರೆ ಮಾಯ!

‘ಕಲೆ’ ಅನ್ನೋಣವೇ? ಚಂದ್ರನ ಕಲೆ ಅನ್ನುವಾಗಿನ ಅರ್ಥ ಇದಕ್ಕೆ ಹತ್ತಿರವೇ. ಆದರೆ ‘ಬೆಳಕಿನ ಕಲೆ’ ಅಂದರೆ ಪರದೆಯ ಮೇಲಿನ ಚುಕ್ಕೆ ಅಂತ ಓದಿಬಿಡುವ ಅಪಾಯ ಜಾಸ್ತಿ. ‘ಪ್ರಾವಸ್ಥೆ’ ಅಂದರೆ ನೀರು, ಆವಿ, ಮಂಜುಗಡ್ಡೆ ನೆನಪಾಗುತ್ತವೆ. ನನ್ನ ಒಲವು ‘ಫೇಸ್’ ಕಡೆಗೇ. ಥ್ರೀ ಫೇಸ್ ಕರೆಂಟ್ ಅನ್ನದವರು ಯಾರಿದ್ದಾರೆ? ಅಲ್ಲೂ ಅರ್ಥ ಇದೇ. ಒಂದಕ್ಕಿಂತ ಒಂದು 120 ಡಿಗ್ರಿ ಹಿಂದಿರುವ ಮೂರು ಅಲೆಗಳು. ಇದಕ್ಕಿಂತ ಬಳಕೆಯಲ್ಲಿರುವ ಪದ ನಿಮಗೆ ಗೊತ್ತಿದ್ದರೆ ವಾಕ್ಯದ ಸಮೇತ ತಿಳಿಸಿ. ಬಿಡಿ ಪದವಾಗಿ ಚೆನ್ನಾಗಿ ಕಂಡದ್ದು ವಾಕ್ಯದಲ್ಲಿ ಎಷ್ಟೋ ಸಲ ಕೂರುವುದಿಲ್ಲ.

ಇನ್ನೊಂದು, ‘ಅನ್‌ವ್ರ್ಯಾಪ್’. ಸಾಫ್ಟ್‌ವೇರ್ ಫೇಸನ್ನು ಮೈನಸ್ ಪೈಯಿಂದ ಪೈವರೆಗೆ (ಅಂದರೆ ಮೈನಸ್ 180 ಡಿಗ್ರಿಯಿಂದ 180 ಡಿಗ್ರಿವರೆಗೆ) ಮಾತ್ರ ಕೊಡುತ್ತದೆ. ಪೈ ದಾಟಿತೋ, ಗ್ರಾಫಿನ ಗೆರೆ ತಟ್ಟನೆ ಕೆಳಕ್ಕೆ ಜಿಗಿಯುತ್ತದೆ. ಆ ಜಿಗಿತ ತೆಗೆದು ಗೆರೆಯನ್ನು ಒಂದೇ ಸಮನೆ ಜೋಡಿಸುವುದಕ್ಕೆ ಸದ್ಯ ‘ಸುತ್ತು ಬಿಚ್ಚುವುದು’ ಅಂತ ಬರೆದಿದ್ದೇನೆ. ಪಾಠ ಮಾಡುವಾಗ ನೀವು ಏನಂತೀರಿ?