ಸಹಾಯ ಬೇಕು: ಸಿಆರ್‌ಒ ಕೆಲಸ ಒಪ್ಪಿಕೊಳ್ಳಲೇ?

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮುಗಿಸಿ ಲ್ಯಾಬ್‌ನಲ್ಲೇ ಇದ್ದೇನೆ. ಈಗ ಒಂದು ಸಿಆರ್‌ಒದಿಂದ, ಅಂದರೆ ಔಷಧ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಸಂಶೋಧನೆ ಮಾಡಿಕೊಡುವ ಕಂಪನಿಯಿಂದ, ಆಫರ್ ಬಂದಿದೆ. ಅಂಥ ಕಡೆ ದುಡಿದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಕೆಲಸದ ವೈವಿಧ್ಯ ಇಷ್ಟವಾಯಿತು: ಒಂದು ಪ್ರಾಜೆಕ್ಟ್ ಕ್ಯಾನ್ಸರ್ ಔಷಧದ್ದು, ಇನ್ನೊಂದು ಲಸಿಕೆಯದ್ದು. ಅನುದಾನದ ಅರ್ಜಿ ಬರೆಯುವ ಗೋಳೂ ಇಲ್ಲ. ಜಿಎಲ್‌ಪಿ (ಲ್ಯಾಬ್ ಅಧ್ಯಯನಗಳ ಗುಣಮಟ್ಟ ಕಾಯುವ ನಿಯಮಾವಳಿ) ಪ್ರಕಾರ ದಾಖಲೆ ಇಡುವುದು, ಆಡಿಟ್ ಎದುರಿಸುವುದು ಕಲಿತರೆ ಮುಂದೆ ಎಲ್ಲಿಗೆ ಹೋದರೂ ಉಪಯೋಗ.

ಹಿಂಜರಿಕೆ ಬೇರೆ ಕಡೆ. ಡೇಟಾ ಮತ್ತು ಪೇಟೆಂಟ್ ಹಕ್ಕು ಸಾಮಾನ್ಯವಾಗಿ ಕ್ಲೈಂಟ್‌ಗೇ ಸೇರುತ್ತದಂತೆ. ಗೋಪ್ಯತಾ ಒಪ್ಪಂದ ಇರುವುದರಿಂದ ಅವರ ಒಪ್ಪಿಗೆಯಿಲ್ಲದೆ ಪೇಪರ್ ಪ್ರಕಟಿಸುವಂತಿಲ್ಲ. ಕುತೂಹಲಕಾರಿ ಫಲಿತಾಂಶ ಕಂಡರೂ ಒಪ್ಪಂದದಲ್ಲಿ ಇಲ್ಲದಿದ್ದರೆ ಅದರ ಬೆನ್ನು ಹತ್ತುವಂತಿಲ್ಲ. ನನ್ನಂಥವರಿಗೆ ಇದೇ ದೊಡ್ಡ ಸಂಕಟ! ಜೊತೆಗೆ ಗಂಟೆ ಗಂಟೆಗೂ ಟೈಮ್‌ಶೀಟ್ ಬೇರೆ.

ನನ್ನ ಪ್ರಶ್ನೆಗಳು: ಕ್ಲೈಂಟ್ ಮಧ್ಯದಲ್ಲಿ ಪ್ರಾಜೆಕ್ಟ್ ನಿಲ್ಲಿಸಿದರೆ ಆ ತಂಡದವರ ಗತಿ ಏನು? ಕ್ಲೈಂಟ್ ಬಯಸಿದ ಫಲಿತಾಂಶ ಬರದಿದ್ದಾಗ ಮ್ಯಾನೇಜರ್ ನಿಮ್ಮ ಪರ ನಿಲ್ಲುತ್ತಾರಾ? ಕೆಲವು ವರ್ಷ ಪೇಪರ್ ಇಲ್ಲದೆ ಕಳೆದು ಮತ್ತೆ ವಿಶ್ವವಿದ್ಯಾಲಯಕ್ಕೆ ಮರಳಿದವರು ಇದ್ದೀರಾ? ಇಲ್ಲಿ ಬರೆಯಲು ಮುಜುಗರವಾದರೆ ಇನ್‌ಬಾಕ್ಸ್‌ಗೆ ಬನ್ನಿ.