ಒಂದೊಂದೇ ಸಾಲು ಓಡಿಸಿದರೆ ಸರಿ, ಇಡೀ ಆರ್ ಸ್ಕ್ರಿಪ್ಟ್ ಓಡಿಸಿದರೆ ಮೌನ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಕಲಬುರಗಿಯ ಸಂಶೋಧನಾ ವಿದ್ಯಾರ್ಥಿನಿಯಿಂದ

ತೊಗರಿಯ ನೆಟೆ ರೋಗಕ್ಕೂ ಮಳೆಗೂ ಇರುವ ನಂಟು ನನ್ನ ಪಿಎಚ್.ಡಿ. ವಿಷಯ. ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ ತಾಲ್ಲೂಕುಗಳ ಅಂಕಿಅಂಶ ಇಟ್ಟುಕೊಂಡು ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ ಭಾಷೆಯಲ್ಲಿ ಮುನ್ನೂರು ಸಾಲಿನ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಫೈಲ್, ಬರೆದಿದ್ದೇನೆ. ಆರ್ ಬರೆದು ಓಡಿಸುವ ತಂತ್ರಾಂಶವಾದ ಆರ್‌ಸ್ಟುಡಿಯೊದಲ್ಲಿ ಕಂಟ್ರೋಲ್, ಎಂಟರ್ ಒತ್ತುತ್ತ ಒಂದೊಂದೇ ಸಾಲು ಓಡಿಸಿದರೆ ಕೋಷ್ಟಕ, ಗ್ರಾಫ್ ಎಲ್ಲವೂ ಬರುತ್ತವೆ. ‘ಸೋರ್ಸ್’ ಗುಂಡಿ ಒತ್ತಿದರೆ ತಪ್ಪನ್ನೂ ತೋರಿಸುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ. ಅದೇ ಫೈಲನ್ನು ಮಾರ್ಗದರ್ಶಕರ ಕಂಪ್ಯೂಟರಿನಲ್ಲಿ ತೆರೆದರೆ ಮೂರನೆಯ ಸಾಲಿನಲ್ಲೇ ನಿಲ್ಲುತ್ತದೆ. ಊರುಗಳ ಕನ್ನಡ ಹೆಸರುಗಳಂತೂ ಅಲ್ಲಿ ಗುರುತೇ ಸಿಗದಂತೆ ಕಾಣುತ್ತವೆ. ಮುಂದಿನ ವಾರ ವಿಭಾಗದ ಎದುರು ಓಡಿಸಿ ತೋರಿಸಬೇಕು. ನೀವು ಏನು ಮಾಡಿದಿರಿ?

ಸಂಖ್ಯಾಶಾಸ್ತ್ರದ ನಿವೃತ್ತ ಅಧ್ಯಾಪಕರು, ಕಲಬುರಗಿ

ತಂಗಿ, ಆರ್ ನಿಮ್ಮ ಮೇಲೆ ಮುನಿಸಿಕೊಂಡಿಲ್ಲ. ಆಜ್ಞೆ ಕೊಡುವ ಕಿಟಕಿಯಾದ ಕನ್ಸೋಲಿನಲ್ಲಿ ಒಂದು ಸಾಲು ಕೊಟ್ಟಾಗ ಅದು ಲೆಕ್ಕ ಮಾಡಿ, ಉತ್ತರವನ್ನು ತಾನಾಗಿಯೇ ಪರದೆಗೆ ತರುತ್ತದೆ. ‘ಸೋರ್ಸ್’ ಮೂಲಕ ಇಡೀ ಫೈಲ್ ಕೊಟ್ಟಾಗ ಲೆಕ್ಕವನ್ನಷ್ಟೇ ಮಾಡುತ್ತದೆ, ತೋರಿಸುವ ಕೆಲಸವನ್ನು ನಿಮಗೆ ಬಿಡುತ್ತದೆ. ಕಾಣಬೇಕಾದ ಕಡೆಯೆಲ್ಲ ‘ಪ್ರಿಂಟ್’ ಎಂದು ಬರೆದು, ಆವರಣದೊಳಗೆ ಕೋಷ್ಟಕದ ಹೆಸರು ಕೊಡಿ. ಸದ್ಯಕ್ಕೆ ಅವಸರವಿದ್ದರೆ ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಆಗ ಆಜ್ಞೆಯೂ ಉತ್ತರವೂ ಒಂದರ ಹಿಂದೊಂದು ಬರುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ ಒತ್ತಿದರೆ ಮತ್ತೆ ಅದೇ ಮೌನ.

ಜಿಜಿಪ್ಲಾಟ್ ಎಂಬ ಪ್ಯಾಕೇಜಿನಲ್ಲಿ ಬರೆದ ಗ್ರಾಫ್‌ಗಳಿಗೂ ಇದೇ ಮಾತು. ನಾಲ್ಕು ತಾಲ್ಲೂಕಿಗೆ ನಾಲ್ಕು ಗ್ರಾಫ್ ಬರಲೆಂದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ‘ಫಾರ್’ ಸುತ್ತಿನೊಳಗೆ ಬರೆದು, ಒಂದೂ ಬರದೆ ಪೆಚ್ಚಾದ ವಿದ್ಯಾರ್ಥಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಒಂದೊಂದೇ ಸಾಲು ಓಡಿಸುವವರಿಗೂ ಸುತ್ತಿನೊಳಗೆ ‘ಪ್ರಿಂಟ್’ ಬೇಕೇ ಬೇಕು. 2011ಕ್ಕೆ ಮೊದಲು ಆರ್‌ಸ್ಟುಡಿಯೊ ಇರಲಿಲ್ಲ. ನಾವು ನೋಟ್‌ಪ್ಯಾಡಿನಲ್ಲಿ ಬರೆದು ಇಡೀ ಫೈಲನ್ನೇ ಓಡಿಸುತ್ತಿದ್ದೆವು, ಹಾಗಾಗಿ ಈ ಪೆಟ್ಟು ಮೊದಲ ದಿನವೇ ಬೀಳುತ್ತಿತ್ತು. ಈಗಿನವರಿಗೆ ಪ್ರಬಂಧ ಒಪ್ಪಿಸುವ ವಾರ ಬೀಳುತ್ತದೆ.

ಸೇಡಂನಿಂದ ಒಬ್ಬರು

ಮೂರನೆಯ ಸಾಲಿನ ತೊಂದರೆ ಫೋಲ್ಡರಿನದು. ಆರ್ ಯಾವ ಫೋಲ್ಡರಿನಲ್ಲಿ ಫೈಲ್ ಹುಡುಕಬೇಕು ಎಂದು ಹೇಳುವ ‘ಸೆಟ್‌ಡಬ್ಲ್ಯೂಡಿ’ ಆಜ್ಞೆ ಬರೆದು ಫೋಲ್ಡರಿನ ಪೂರ್ತಿ ದಾರಿ ಕೊಟ್ಟುಬಿಡಿ, ಮುಗಿಯಿತು. ವಿಂಡೋಸ್‌ನಿಂದ ನಕಲು ಮಾಡಿದ ದಾರಿಯಲ್ಲಿ ಗೆರೆಗಳು ಹಿಂದಕ್ಕೆ ವಾಲಿರುತ್ತವೆ, ಅವನ್ನು ಮುಂದಕ್ಕೆ ವಾಲಿಸಿ ಬರೆಯಬೇಕು. ಇಲ್ಲವಾದರೆ ಆರ್ ಒಪ್ಪುವುದಿಲ್ಲ.

ಸಂಖ್ಯಾಶಾಸ್ತ್ರದ ನಿವೃತ್ತ ಅಧ್ಯಾಪಕರು, ಕಲಬುರಗಿ

ಗೆರೆಯ ಮಾತು ಸರಿ, ಉಳಿದದ್ದು ಒಪ್ಪಲಾರೆ. ತಂಗಿಯ ಲ್ಯಾಪ್‌ಟಾಪಿನ ಡಿ ಡ್ರೈವ್ ವಿಳಾಸ ಮಾರ್ಗದರ್ಶಕರ ಕಂಪ್ಯೂಟರಿನಲ್ಲಿ ಎಲ್ಲಿಂದ ಬರಬೇಕು? ಆರ್‌ಸ್ಟುಡಿಯೊದಲ್ಲಿ ಒಂದು ‘ಪ್ರಾಜೆಕ್ಟ್’ ಮಾಡಿ, ಸ್ಕ್ರಿಪ್ಟನ್ನೂ ಮಾಹಿತಿ ಫೈಲುಗಳನ್ನೂ ಅದರ ಫೋಲ್ಡರಿನೊಳಗೆ ಇಡಿ. ಪ್ರಾಜೆಕ್ಟ್ ತೆರೆದರೆ ಆರ್ ಆ ಫೋಲ್ಡರಿನಲ್ಲೇ ನಿಂತಿರುತ್ತದೆ, ಫೈಲಿನ ಹೆಸರಷ್ಟೇ ಸಾಕು. ಆ ಫೋಲ್ಡರನ್ನು ಇಡಿಯಾಗಿ ಜಿಪ್ ಮಾಡಿ ಕಳಿಸಿ.

ಪಶುವೈದ್ಯಕೀಯ ಸಂಶೋಧಕಿ, ಬೀದರ್

ಮೇಲಿನದೆಲ್ಲ ಸರಿಮಾಡಿದ ಮೇಲೂ ನಿಮ್ಮ ಸ್ಕ್ರಿಪ್ಟ್ ಓಡದಿರಬಹುದು. ನನ್ನ ಕಥೆ ಹೇಳುತ್ತೇನೆ.

ದೇವಣಿ ತಳಿಯ ಹಸುಗಳ ಹಾಲಿನ ಲೆಕ್ಕ ನನ್ನದು. ಲೇಖನ ಬರೆದು ಕಳಿಸಿದ್ದೆ. ವಿಮರ್ಶಕರು ಒಂದು ಕೋಷ್ಟಕವನ್ನು ಬೇರೆ ರೀತಿಯಲ್ಲಿ ಕೇಳಿದರು. ಹೊಸ ಕಂಪ್ಯೂಟರಿನಲ್ಲಿ ಅದೇ ಸ್ಕ್ರಿಪ್ಟ್ ಓಡಿಸಿದರೆ ಸರಾಸರಿಯೇ ಬೇರೆ ಬಂತು! ಮೂರು ದಿನ ಹುಡುಕಿದೆ. ತಿಂಗಳುಗಳ ಹಿಂದೆ, ಕೆಚ್ಚಲು ಬಾವು ಬಂದಿದ್ದ ಎರಡು ಹಸುಗಳನ್ನು ಕನ್ಸೋಲಿನಲ್ಲಿ ಒಂದು ಸಾಲು ಬರೆದು ತೆಗೆದುಹಾಕಿದ್ದೆ. ಆ ಸಾಲು ಸ್ಕ್ರಿಪ್ಟಿಗೆ ಸೇರಿರಲೇ ಇಲ್ಲ. ಆರ್ ಮುಚ್ಚುವಾಗಲೆಲ್ಲ ‘ವರ್ಕ್‌ಸ್ಪೇಸ್ (ಆ ಹೊತ್ತಿಗೆ ನೆನಪಿನಲ್ಲಿರುವ ಕೋಷ್ಟಕಗಳೆಲ್ಲ) ಉಳಿಸಲೇ?’ ಎಂದು ಕೇಳುತ್ತಿತ್ತು, ನಾನು ಹೂಂ ಎನ್ನುತ್ತಿದ್ದೆ. ಮರುದಿನ ಆ ಹಳೆಯ ಕೋಷ್ಟಕ ಸದ್ದಿಲ್ಲದೆ ವಾಪಸ್ ಬಂದು ಕುಳಿತಿರುತ್ತಿತ್ತು.

ನಮ್ಮ ಕಡೆ ಎಳ್ಳಮವಾಸ್ಯೆಗೆ ಮಾಡುವ ಭಜ್ಜಿಯಲ್ಲಿ ಯಾವ ಕಾಳು, ಯಾವ ಸೊಪ್ಪು ಎಷ್ಟು ಬಿತ್ತು ಎಂದು ತಿನ್ನುವವರಿಗೆ ಹೇಳಲು ಆಗುವುದಿಲ್ಲ. ಹೊಲದಲ್ಲಿ ಕುಳಿತು ಉಣ್ಣುವಾಗ ಅದೇ ಅದರ ರುಚಿ. ವರ್ಕ್‌ಸ್ಪೇಸ್ ಹಾಗಾದರೆ ಲೇಖನ ವಾಪಸ್ ಬರುತ್ತದೆ.

ಆದ್ದರಿಂದ ಇವತ್ತೇ ಟೂಲ್ಸ್‌ನ ಗ್ಲೋಬಲ್ ಆಪ್ಷನ್ಸ್‌ಗೆ ಹೋಗಿ, ಆರಂಭದಲ್ಲಿ ಆರ್‌ಡೇಟಾ, ಅಂದರೆ ಉಳಿಸಿಟ್ಟ ವರ್ಕ್‌ಸ್ಪೇಸ್ ಫೈಲ್, ವಾಪಸ್ ತರುವ ಗುರುತನ್ನು ತೆಗೆಯಿರಿ. ಮುಚ್ಚುವಾಗ ಉಳಿಸುವ ಪ್ರಶ್ನೆಗೆ ‘ನೆವರ್’ ಆರಿಸಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಫ್10 ಒತ್ತಿ ಆರ್ ಅನ್ನು ಹೊಸದಾಗಿ ಶುರುಮಾಡಿ, ಮೊದಲ ಸಾಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓಡಿಸಿ. ‘ಆಬ್ಜೆಕ್ಟ್ ಸಿಗಲಿಲ್ಲ’ ಎಂದು ಎಲ್ಲಿ ನಿಲ್ಲುತ್ತದೋ ಅಲ್ಲಿ ನೀವು ಕೈಯಾರೆ ಮಾಡಿ ಮರೆತ ಕೆಲಸವಿದೆ. ಸ್ಕ್ರಿಪ್ಟಿನ ತಲೆಯಲ್ಲಿ ಎಲ್ಲವನ್ನೂ ಅಳಿಸುವ ಸಾಲು ಬರೆದುಕೊಂಡರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಅದು ಕೋಷ್ಟಕಗಳನ್ನು ಅಳಿಸುತ್ತದೆ, ಮೊದಲೇ ತೆರೆದಿದ್ದ ಪ್ಯಾಕೇಜುಗಳು ಹಾಗೇ ಉಳಿಯುತ್ತವೆ. ಪ್ಯಾಕೇಜ್ ತೆರೆಯುವ ‘ಲೈಬ್ರರಿ’ ಸಾಲು ಮರೆತದ್ದು ಗೊತ್ತೇ ಆಗುವುದಿಲ್ಲ.

ಸಮೀಕ್ಷೆ ಕೆಲಸದವರು, ಶಹಾಪುರ

ಊರ ಹೆಸರಿನ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಕ, ಮಾರ್ಗದರ್ಶಕರ ಕಂಪ್ಯೂಟರಿನಲ್ಲಿ ‘ಯು+0ಸಿ95’ ಎಂಬಂಥ ಸಾಲುಗಳು ಬರುತ್ತಿವೆಯೇ? ಅದು ‘ಕ’ ಅಕ್ಷರದ ಯುನಿಕೋಡ್ ಸಂಖ್ಯೆ. ಹಾಗಿದ್ದರೆ ಅಲ್ಲಿನ ಆರ್ ಹಳೆಯದಿರಬೇಕು. ವಿಂಡೋಸ್‌ನಲ್ಲಿ ಆರ್ ಯುಟಿಎಫ್-8ಕ್ಕೆ (ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ರೀತಿ) ಬದಲಾದದ್ದು 2022ರ 4.2 ಆವೃತ್ತಿಯಿಂದ. ಹೊಸದನ್ನು ಹಾಕಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಸ್ಕ್ರಿಪ್ಟನ್ನು ಯುಟಿಎಫ್-8 ಆಗಿಯೇ ಉಳಿಸಿ, ಎಕ್ಸೆಲ್‌ನಿಂದ ತೆಗೆಯುವಾಗಲೂ ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಮೊದಲ ಕಾಲಂ ಹೆಸರಿನ ಆರಂಭದಲ್ಲಿ ವಿಚಿತ್ರ ಅಕ್ಷರ ಅಂಟಿಕೊಂಡರೆ ಹೆದರಬೇಡಿ. ಓದುವಾಗ ಫೈಲ್ ಎನ್‌ಕೋಡಿಂಗ್ ‘ಯುಟಿಎಫ್-8-ಬಿಒಎಂ’ ಎಂದು ಕೊಟ್ಟರೆ ಹೋಗುತ್ತದೆ.

ಹೆಸರುಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರದಂತೆ ಕಂಡರೆ ಮಾತ್ರ ಕಥೆ ಬೇರೆ. ಕಚೇರಿಗಳಿಂದ ಬರುವ ಎಷ್ಟೋ ಹಾಳೆಗಳು ಹಳೆಯ ನುಡಿ ಫಾಂಟಿನಲ್ಲಿರುತ್ತವೆ. ಎಕ್ಸೆಲ್‌ನಲ್ಲಿ ಆ ಫಾಂಟ್ ಇರುವವರೆಗೆ ಕನ್ನಡದಂತೆ ಕಾಣುತ್ತದೆ, ಒಳಗಿರುವುದು ಯುನಿಕೋಡ್ ಅಲ್ಲ. ಆರ್‌ನಲ್ಲಿ ಯಾವ ಎನ್‌ಕೋಡಿಂಗ್ ಕೊಟ್ಟರೂ ಪ್ರಯೋಜನವಿಲ್ಲ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡೇ ತನ್ನಿ. ಇದು ಗೊತ್ತಾಗುವ ಮೊದಲು ನಾನು ಒಂದು ತಾಲ್ಲೂಕಿನ ಹಳ್ಳಿಗಳನ್ನು ಕೈಯಾರೆ ಮತ್ತೆ ಟೈಪ್ ಮಾಡಿದ್ದೆ.

ಯಾದಗಿರಿಯಿಂದ, ದಿನವೂ ವರದಿ ಮಾಡುವವರು

ನಾನು ಆರ್‌ಸ್ಟುಡಿಯೊ ತೆರೆಯುವುದೇ ಅಪರೂಪ. ಬೆಳಿಗ್ಗೆ ಆರು ಗಂಟೆಗೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್, ಆರ್‌ಸ್ಟುಡಿಯೊ ತೆರೆಯದೆಯೇ ಇಡೀ ಸ್ಕ್ರಿಪ್ಟ್ ಓಡಿಸುವ ‘ಆರ್‌ಸ್ಕ್ರಿಪ್ಟ್’ ಮೂಲಕ ಫೈಲ್ ಓಡಿಸುತ್ತದೆ. ಅಕ್ಕನಿಗೆ ಇದು ಉಪಯೋಗಕ್ಕೆ ಬರಬಹುದು, ಏಕೆಂದರೆ ಆರ್‌ಸ್ಕ್ರಿಪ್ಟ್ ಹಳೆಯ ವರ್ಕ್‌ಸ್ಪೇಸನ್ನು ಮುಟ್ಟುವುದಿಲ್ಲ. ‘ಸೋರ್ಸ್’ನಂತೆ ಮೌನವಾಗಿಯೂ ಇರುವುದಿಲ್ಲ, ಉತ್ತರ ತೋರಿಸುತ್ತದೆ. ‘ಆರ್ ಸಿಎಂಡಿ ಬ್ಯಾಚ್’ ಎಂಬ ಹಳೆಯ ದಾರಿ ಮಾತ್ರ ನೀವು ಬೇಡ ಎನ್ನದ ಹೊರತು ವರ್ಕ್‌ಸ್ಪೇಸನ್ನು ವಾಪಸ್ ತರುತ್ತದೆ, ಎಚ್ಚರ.

ನಾನು ಎಡವಿದ್ದು ಎರಡು ಕಡೆ. ದಿನಾಂಕ ಕೇಳಲು, ಓಡಿಸುವವರಿಂದ ಉತ್ತರ ಟೈಪ್ ಮಾಡಿಸಿಕೊಳ್ಳುವ ‘ರೀಡ್‌ಲೈನ್’ ಇಟ್ಟಿದ್ದೆ. ಎದುರಿಗೆ ಮನುಷ್ಯರಿಲ್ಲದಾಗ ಅದು ಕಾಯುವುದಿಲ್ಲ, ಖಾಲಿ ಉತ್ತರ ಇಟ್ಟುಕೊಂಡು ಮುಂದೆ ಹೋಗುತ್ತದೆ. ಇನ್ನೊಂದು, ಗ್ರಾಫ್‌ಗಳು ಕಳೆದುಹೋದವೆಂದು ವಾರವೆಲ್ಲ ತಲೆ ಕೆರೆದುಕೊಂಡಿದ್ದೆ. ಅವು ‘ಆರ್‌ಪ್ಲಾಟ್ಸ್’ ಎಂಬ ಪಿಡಿಎಫ್‌ನಲ್ಲಿ ತಣ್ಣಗೆ ಕುಳಿತಿದ್ದವು.

ಒಂದು ಆವರಣ ಮುಚ್ಚುವುದನ್ನು ಮರೆತರೆ ‘ಸೋರ್ಸ್’ ಇಡೀ ಫೈಲನ್ನು ಮೊದಲೇ ಓದಿ ಒಂದು ಸಾಲನ್ನೂ ಓಡಿಸದೆ ನಿರಾಕರಿಸುತ್ತದೆ. ಆರ್‌ಸ್ಕ್ರಿಪ್ಟ್ ತಪ್ಪಿರುವ ಜಾಗದವರೆಗೆ ಓಡಿ ಆಮೇಲೆ ನಿಲ್ಲುತ್ತದೆ. ಅರ್ಧ ಬರೆದ ವರದಿಯೊಂದು ಹಾಗೆಯೇ ನಮ್ಮ ಸಾಹೇಬರ ಕೈಸೇರಿತ್ತು.

ಪ್ರಶ್ನೆ ಕೇಳಿದವಳು

ಸರ್, ‘ಪ್ರಿಂಟ್’ ಹಾಕಿದ ಮೇಲೆ ಕೋಷ್ಟಕಗಳು ಬಂದವು. ಪ್ರಾಜೆಕ್ಟ್ ಮಾಡಿದ್ದೇನೆ, ಮಾರ್ಗದರ್ಶಕರಿಗೆ ಹೊಸ ಆರ್ ಹಾಕಿಕೊಟ್ಟೆ. ಆಳಂದದ ಹಾಳೆ ನುಡಿ ಫಾಂಟಿನದೇ, ಶಹಾಪುರದ ತಮ್ಮ ಹೇಳಿದಂತೆಯೇ ಆಯಿತು.

ಬೀದರಿನ ಅಕ್ಕ, ನೀವು ಹೇಳಿದಂತೆ ಹೊಸದಾಗಿ ಶುರುಮಾಡಿ ಓಡಿಸಿದೆ. ನೂರಾ ಹನ್ನೆರಡನೆಯ ಸಾಲಿನಲ್ಲಿ ‘ಮಳೆ2’ ಸಿಗಲಿಲ್ಲ ಎಂದು ನಿಂತಿತು. ಸ್ಕ್ರಿಪ್ಟಿನಲ್ಲಿ ಅದನ್ನು ಎಲ್ಲಿಯೂ ಮಾಡಿಲ್ಲ. ‘ಮಳೆ’ಯಿಂದ ಯಾವ ವರ್ಷಗಳನ್ನು ಬಿಟ್ಟು ಅದನ್ನು ಮಾಡಿದೆನೋ ನೆನಪಾಗುತ್ತಿಲ್ಲ. ಆರ್‌ಸ್ಟುಡಿಯೊದ ಹಿಸ್ಟರಿ ಪಟ್ಟಿಯಲ್ಲಿ ಮೇ ತಿಂಗಳವರೆಗೆ ಹಿಂದೆ ಹೋಗಿದ್ದೇನೆ, ಇನ್ನೂ ಹುಡುಕುತ್ತಿದ್ದೇನೆ.