ತರಗತಿಯ ಬ್ಲಾಗ್: ಕೆಲವರು ಸೇರಲು ಆಗ್ತಿಲ್ಲ, ಸೇರಿದವರ ಕನ್ನಡ ಓದಲು ಆಗ್ತಿಲ್ಲ

ಹೇಮಾವತಿ_ದಡ
ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎರಡು ಸೆಕ್ಷನ್ ಸೇರಿ 118 ಮಕ್ಕಳು. ಅಸೈನ್‌ಮೆಂಟ್ ಬರೆಸಿದರೆ ನಾನೊಬ್ಬಳೇ ಓದಿ ಕಟ್ಟಿಡುವುದಾಯಿತು. ಒಬ್ಬರದನ್ನು ಇನ್ನೊಬ್ಬರು ಓದಲಿ ಅಂತ ಗೂಗಲ್‌ನವರ ಬ್ಲಾಗರ್‌ನಲ್ಲಿ ಒಂದು ಬ್ಲಾಗ್ ತೆರೆದೆ. ಈಗ ಮೂರು ತಲೆನೋವು.

ಎ ಸೆಕ್ಷನ್ ಪೂರ್ತಿ ಸೇರಿತು. ಬಿ ಸೆಕ್ಷನ್‌ನ ಕೊನೆಯ ಹತ್ತಿಪ್ಪತ್ತು ಜನರನ್ನು ಸೇರಿಸಲು ಆಗುತ್ತಿಲ್ಲ. ಲ್ಯಾಬ್‌ನಲ್ಲಿ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಹಾಕಿದ ಲೇಖನ ಮೊಬೈಲಿನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತದೆ. ಇನ್ನು 'ಹಲ್ಮಿಡಿ ಶಾಸನದ ಬಗ್ಗೆ ಬರೆಯಿರಿ' ಅಂದಿದ್ದಕ್ಕೆ ಬಂದ 26 ಪೋಸ್ಟ್‌ಗಳೂ ಒಂದೇ! ವಿಕಿಪೀಡಿಯದ ಅಡಿಟಿಪ್ಪಣಿ ನಂಬರ್ ಸಮೇತ. ಕಾಮೆಂಟ್ ಅಂದರೆ 'ಸೂಪರ್' ಅಷ್ಟೇ.

ಲ್ಯಾಬ್_ಮೇಷ್ಟ್ರು
ಮೇಡಂ, ಮೊದಲನೆಯದು ನಿಮ್ಮ ತಪ್ಪಲ್ಲ. ಬ್ಲಾಗರ್‌ನಲ್ಲಿ ಒಂದು ಬ್ಲಾಗಿಗೆ 100 ಸದಸ್ಯರೇ ಗರಿಷ್ಠ. ನೀವೂ ಸೇರಿ 119 ಆಯ್ತಲ್ಲ. ಸೆಕ್ಷನ್‌ಗೊಂದು ಬ್ಲಾಗ್ ಮಾಡಿ. ಮಕ್ಕಳು 'ಲೇಖಕ' ಆಗಿಯೇ ಇರಲಿ, ಆಗ ಅವರವರ ಪೋಸ್ಟ್ ಮಾತ್ರ ತಿದ್ದಬಹುದು. ಪ್ರೀತಿಯಿಂದ ಯಾರನ್ನೂ ಅಡ್ಮಿನ್ ಮಾಡಬೇಡಿ, ಅಡ್ಮಿನ್ ಆದವರು ಇಡೀ ಬ್ಲಾಗನ್ನೇ ಅಳಿಸಬಹುದು.

ಎರಡನೆಯದು ಫಾಂಟ್ ಕಥೆ. ಹಳೆ ನುಡಿ ಫಾಂಟ್‌ನಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಮೊಬೈಲಿನಲ್ಲಿ ಆ ಫಾಂಟ್ ಇಲ್ಲ, ಬಣ್ಣ ಬಯಲಾಗುತ್ತದೆ. ನುಡಿಯಲ್ಲೇ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಆಯ್ಕೆ ಮಾಡಿ ಟೈಪ್ ಮಾಡಿಸಿ. ಈಗಾಗಲೇ ಬರೆದಿದ್ದನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಿ, ಆಮೇಲೆ ಒಮ್ಮೆ ಓದಿ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿರುತ್ತದೆ.

ಹೇಮಾವತಿ_ದಡ
ಅಯ್ಯೋ, ನೂರರ ಮಿತಿ ಹೊಳೆಯಲೇ ಇಲ್ಲ ಸರ್. ಇನ್ನೊಂದು ಕೇಳ್ತೀನಿ. ಸಕಲೇಶಪುರದ ಕಡೆಯ ಮಕ್ಕಳಿಗೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅರ್ಧ ಬರೆದಾಗ ಪುಟ ಕೈಕೊಡುತ್ತದಂತೆ.

ಕಳಸದ_ಮಳೆ
ಇದು ನಮ್ಮ ದಿನನಿತ್ಯದ ಪಾಡು. ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಮೂಲಕ ಪೋಸ್ಟ್ ಮಾಡುವ ಸೌಲಭ್ಯ ಇದೆ. ಒಂದು ಗುಟ್ಟಿನ ವಿಳಾಸ ಮಾಡಿಕೊಂಡು ಮಕ್ಕಳಿಗೆ ಕೊಡಿ. ಮೊಬೈಲಿನ ಜಿಮೇಲ್‌ನಲ್ಲಿ ಬರೆದು ಕಳಿಸಿದರೆ ಸಿಗ್ನಲ್ ಸಿಕ್ಕಾಗ ತಾನಾಗಿ ಹೋಗುತ್ತದೆ. 'ಕರಡಾಗಿ ಉಳಿಸು' ಅಂತ ಇಟ್ಟರೆ ನೀವು ನೋಡಿದ ಮೇಲೆಯೇ ಪ್ರಕಟ. ಆದರೆ ಎಲ್ಲವೂ ನಿಮ್ಮ ಹೆಸರಿನಲ್ಲಿ ಬರುತ್ತವೆ, ಅದಕ್ಕೆ ಕೊನೆಯಲ್ಲಿ ಅವರ ಹೆಸರು ಬರೆಯಲು ಹೇಳಿ. ಫೋನ್ ನಂಬರ್ ಬೇಡ.

ಚಿಕ್ಕಮಗಳೂರು_ಇತಿಹಾಸ
ಮೂರನೆಯದಕ್ಕೆ ಯಾರೂ ಕೈ ಹಾಕಲಿಲ್ಲ! ಮೇಡಂ, ಬೇಜಾರಾಗಬೇಡಿ, ತಪ್ಪು ಪ್ರಶ್ನೆಯದು. ಹಲ್ಮಿಡಿ ಬಗ್ಗೆ ಎಲ್ಲ ಕಡೆ ಬರೆದಾಗಿದೆ, ಊರಿನಲ್ಲಿರುವುದೂ ಪ್ರತಿಕೃತಿ. ಮಕ್ಕಳು ನಕಲು ಮಾಡದೆ ಇನ್ನೇನು ಮಾಡಿಯಾರು? ನಾನೂ ಮೊದಲ ವರ್ಷ 'ಹೊಯ್ಸಳ ಶಿಲ್ಪಕಲೆ' ಕೊಟ್ಟು ಕೈಸುಟ್ಟುಕೊಂಡೆ. ಆಮೇಲೆ 'ನಿಮ್ಮ ಊರಿನ ವೀರಗಲ್ಲು ಎಲ್ಲಿದೆ, ಈಗ ಅದನ್ನು ಯಾತಕ್ಕೆ ಬಳಸುತ್ತಾರೆ' ಅಂತ ಕೇಳಿದೆ. ಅದಕ್ಕೆ ಗೂಗಲ್‌ನಲ್ಲಿ ಉತ್ತರ ಇಲ್ಲ ನೋಡಿ.

ಕಾಮೆಂಟಿಗೂ ಕೆಲಸ ಕೊಡಿ. ಬೇರೆ ತಾಲ್ಲೂಕಿನವರ ಪೋಸ್ಟಿಗೆ ಒಂದು ಪ್ರಶ್ನೆ ಕೇಳಬೇಕು, ಬರೆದವರು ಉತ್ತರ ಹೇಳಬೇಕು. ಇಂಟರ್ನಲ್ಸ್ ಮಾರ್ಕ್ಸ್ ಅದಕ್ಕೂ ಇರಲಿ, ಇಲ್ಲದಿದ್ದರೆ ಯಾರೂ ಬರಲ್ಲ. ಮೊದಲ ವಾರ ನೀವೇ ದಿನಾ ಹೋಗಿ ಕೇಳಬೇಕು. ಕಷ್ಟವೇ, ಆದರೆ ಮೇಷ್ಟ್ರೇ ಇಣುಕದ ಜಾಗಕ್ಕೆ ಮಕ್ಕಳು ಯಾಕೆ ಬರ್ತಾರೆ?

ಹೇಮಾವತಿ_ದಡ
ಮೂರು ವಾರ ಆಯ್ತು. ಎರಡು ಬ್ಲಾಗ್ ಮಾಡಿದೆ, ಎಲ್ಲರೂ ಸೇರಿದರು. ನಕಲು ಪೂರ್ತಿ ನಿಂತಿಲ್ಲ, ಎಂಟು ಜನ ಒಬ್ಬನ ಊರಿನ ಕಲ್ಲನ್ನೇ ಹಂಚಿಕೊಂಡಿದ್ದಾರೆ. ಆದರೆ ಆಲೂರಿನ ಕಡೆಯ ಹುಡುಗಿಯೊಬ್ಬಳು ಕೆರೆ ಪಕ್ಕ ಬಟ್ಟೆ ಒಗೆಯುವ ಕಲ್ಲು ವೀರಗಲ್ಲು ಅಂತ ಫೋಟೊ ಹಾಕಿದಳು. ಅರಕಲಗೂಡಿನ ಹುಡುಗ 'ಕೆಳಗಿನ ಪಟ್ಟಿಯಲ್ಲಿ ದನ ಇದೆಯಲ್ಲ, ತುರುಗೋಳಿನ (ದನ ಹಿಡಿದೊಯ್ಯುವ ಕಾಳಗದ) ಕಲ್ಲಾ?' ಅಂತ ಕೇಳಿದ. ನಾನು ಅದನ್ನು ಗಮನಿಸಿಯೇ ಇರಲಿಲ್ಲ! ಅವಳು ಮತ್ತೆ ಹೋಗಿ, ಕಲ್ಲಿಗೆ ನೀರು ಹಾಕಿ ತೊಳೆದು, ಇನ್ನೊಂದು ಫೋಟೊ ಹಾಕಿದ್ದಾಳೆ.

ಆ ಫೋಟೊ ಮಾತ್ರ ಅಡ್ಡಡ್ಡ ಬಂದಿದೆ. ಏನು ಮಾಡಲಿ?

ಲ್ಯಾಬ್_ಮೇಷ್ಟ್ರು
ಮೊಬೈಲ್ ಗ್ಯಾಲರಿಯಲ್ಲಿ ಎಡಿಟ್ ಒತ್ತಿ, ತಿರುಗಿಸಿ, ಸೇವ್ ಮಾಡಿ ಮತ್ತೆ ಹಾಕಲು ಹೇಳಿ. ಲಿಂಕ್ ಇಲ್ಲಿ ಕೊಡಿ, ನಾವೂ ದನ ನೋಡೋಣ.